ಓಪಲ್ ಎಲ್ಲಿರುತ್ತಾಳೆ

ಓಪಲ್ ಟ್ಯಾಕೆಟ್‌ಗೆ ಸ್ವಂತ ಕಾರಿರಲಿಲ್ಲ. ಆದರೆ ಟಾಲ್ಬಟ್ ಊರಿನ ಅರ್ಧ ಜನರ ಕಾರುಗಳ ಗುಣ ಸ್ವಭಾವ ಅವಳಿಗೆ ಗೊತ್ತಿತ್ತು. ಪಾದ್ರಿಯ ಕಾರಿನ ಬ್ರೇಕನ್ನು ಒದ್ದಂತೆ ಒತ್ತಬೇಕು. ಹೂವಿನಂಗಡಿಯವಳ ವ್ಯಾನು ಬಲಕ್ಕೆ ಎಳೆಯುತ್ತದೆ. ಶವಸಂಸ್ಕಾರ ನಡೆಸುವವರ ಕರಿ ಕಾರಿನಲ್ಲಿ ರೇಡಿಯೋ ಒಮ್ಮೆ ಹಚ್ಚಿದರೆ ಇಳಿಯುವವರೆಗೂ ಆರುವುದಿಲ್ಲ. ಓಹಾಯೊ ನದಿಯ ದಂಡೆಯ ಆ ಗುಡ್ಡದ ಸೀಮೆಯಲ್ಲಿ ಅವಳು ಮೂರು ಸಣ್ಣ ಚರ್ಚುಗಳಿಗೆ ಆರ್ಗನ್ ನುಡಿಸುತ್ತಿದ್ದಳು. ಭಾನುವಾರ ಬೆಳಿಗ್ಗೆ ಒಂದು ಕಡೆ, ಅದು ಮುಗಿಯುತ್ತಲೇ ಇನ್ನೊಂದು ಕಡೆ, ಬುಧವಾರ ಸಂಜೆ ಮತ್ತೊಂದು ಕಡೆ. ನಡುನಡುವೆ ಮದುವೆ, ಸಾವು. ಅಲ್ಲಿಗೆಲ್ಲ ಬಸ್ಸು ಹೋಗುವುದಿಲ್ಲ. ಯಾರಾದರೊಬ್ಬರು ಕೀಲಿ ಕೈಗಿಡುತ್ತಿದ್ದರು, ಇವಳು ಪೆಟ್ರೋಲು ತುಂಬಿಸಿ ತಂದು ನಿಲ್ಲಿಸುತ್ತಿದ್ದಳು.

ಹೀಗಿದ್ದರೂ ಅವಳ ಹೆಸರಿನಲ್ಲೊಂದು ಕಾರಿನ ವಿಮೆ ಇತ್ತು. ಹಿಂದೆ ಗಂಡನ ಜೊತೆಗಿದ್ದಾಗ ಒಮ್ಮೆ ಅವನ ಕಾರು ಓಡಿಸಿಕೊಂಡು ಹೋಗುತ್ತಿರುವಾಗ ಪೊಲೀಸರು ತಡೆದಿದ್ದರು. ಕಾರಿಗೆ ವಿಮೆಯೇ ಇರಲಿಲ್ಲ. ಗಂಡ ಅದನ್ನು ಬಾಯಿಬಿಟ್ಟಿರಲಿಲ್ಲ. ಅವಳ ಲೈಸೆನ್ಸು ಹೋಯಿತು. ಆಮೇಲೆ ಗಂಡನೂ ಹೋದ, ಕಾರಿನ ಸಮೇತ. ಲೈಸೆನ್ಸು ವಾಪಸು ಬೇಕಿದ್ದರೆ ನಿನ್ನ ಹೆಸರಿನ ವಿಮೆ ತೋರಿಸು ಎಂದಿತು ಸರ್ಕಾರ. ಕಾರೇ ಇಲ್ಲದವಳು ಏನಕ್ಕೆ ವಿಮೆ ಮಾಡಿಸಲಿ ಎಂದು ಅವಳು ಕೇಳಿದ್ದಕ್ಕೆ, ಕಂಡವರ ಕಾರು ಓಡಿಸುವವರಿಗೆಂದೇ ಒಂದು ಪಾಲಿಸಿ ಇದೆ ಎಂದು ಏಜೆಂಟ್ ಬಿಡಿಸಿ ಹೇಳಿದ್ದ. ಇವಳು ಯಾರ ಕಾರಿನಲ್ಲಾದರೂ ಕೂತು ಯಾರಿಗಾದರೂ ಪೆಟ್ಟು ಮಾಡಿದರೆ ಪೆಟ್ಟು ತಿಂದವರ ಖರ್ಚನ್ನು ಅದು ಕೊಡುತ್ತದೆ. ಕಾರು ನುಜ್ಜುಗುಜ್ಜಾದರೆ ಅದರ ಗೊಡವೆಗೆ ಹೋಗುವುದಿಲ್ಲ. ಸರ್ಕಾರದ ಒತ್ತಾಯದ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಆದರೂ ಅವಳು ಕಂತು ಕಟ್ಟುವುದನ್ನು ಬಿಟ್ಟಿರಲಿಲ್ಲ.

"ಕುದುರೆ ಇಲ್ಲ, ಲಾಯ ಮಾತ್ರ ಕಟ್ಟಿಸಿದ್ದಾಳೆ ನಮ್ಮ ಓಪಲ್" ಎಂದು ನಾಲ್ಕು ಜನರ ಮುಂದೆ ನಗಾಡುತ್ತಿದ್ದವನು ಹಾರ್ಲನ್ ಸ್ಟಾಂಪರ್.

ಹಾರ್ಲನ್ ನದಿಯ ಅಡ್ಡಗಟ್ಟೆಯಲ್ಲಿ ಸರಕು ದೋಣಿಗಳನ್ನು ದಾಟಿಸುವ ದೊಡ್ಡ ಬಾಗಿಲುಗಳನ್ನು ನೋಡಿಕೊಳ್ಳುತ್ತಿದ್ದು ನಿವೃತ್ತನಾದವನು. ಹೆಂಡತಿ ತೀರಿಕೊಂಡಿದ್ದಳು. ಗುಡ್ಡದ ಮೇಲೆ ಇಟ್ಟಿಗೆಯ ಮನೆ, ಅಂಗಳದಲ್ಲಿ ಒಂದು ಹಳೆಯ ಬ್ಯೂಕ್ ಕಾರು. ಆ ಕಾರನ್ನು ಅವನು ತಾನೇ ತೊಳೆಯುತ್ತಿದ್ದ, ತಾನೇ ಓಡಿಸುತ್ತಿದ್ದ, ಇನ್ನೊಬ್ಬರಿಗೆ ಮುಟ್ಟಗೊಡುತ್ತಿರಲಿಲ್ಲ. ಚರ್ಚಿನ ಊಟವೊಂದರಲ್ಲಿ ಓಪಲ್‌ಗೂ ಅವನಿಗೂ ಪರಿಚಯವಾಗಿ, ಪರಿಚಯ ಸ್ನೇಹವಾಗಿ, ಈಗ ಮೂರು ವರ್ಷದಿಂದ ಅವಳು ವಾರದಲ್ಲಿ ಕೆಲವು ರಾತ್ರಿ ಗುಡ್ಡದ ಮೇಲಿನ ಮನೆಯಲ್ಲಿ ಉಳಿಯುತ್ತಿದ್ದಳು. ಉಳಿದ ದಿನ ಪೇಟೆಬೀದಿಯ ಲಾಂಡ್ರಿಯ ಮೇಲಿನ ತನ್ನ ಬಾಡಿಗೆ ಕೋಣೆಯಲ್ಲಿ. ಅವಳಿಗೆ ಐವತ್ತೆಂಟು, ಅವನಿಗೆ ಎಪ್ಪತ್ತರ ಹತ್ತಿರ. ಊರು ಇದರ ಬಗ್ಗೆ ಒಂದಷ್ಟು ಕಾಲ ಮಾತಾಡಿ ಸುಮ್ಮನಾಗಿತ್ತು.

ಆ ಸೆಪ್ಟೆಂಬರಿನಲ್ಲಿ ಚರ್ಚಿನ ಊಟದ ಮೇಜಿನೆದುರು ಎದ್ದು ನಿಂತು ಹಾರ್ಲನ್ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ, "ನವೆಂಬರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಓಪಲ್ ಗಂಟುಮೂಟೆ ಕಟ್ಕೊಂಡು ನಮ್ಮನೆಗೇ ಬರ್ತಾಳೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಓಪಲ್ ನಕ್ಕಳು. ನಗದೆ ಇನ್ನೇನು ಮಾಡುವುದು? ಅಂದಿನಿಂದ ಅವಳ ಕಾಲು ಒಂದು ಕಡೆ ನಿಲ್ಲದಾಯಿತು. ಒಂದು ದಿನ ಪಾತ್ರೆಗಳ ಪೆಟ್ಟಿಗೆಯೊಂದನ್ನು ಗುಡ್ಡದ ಮೇಲಕ್ಕೆ ಸಾಗಿಸಿದಳು. ಮಾರನೆಯ ದಿನ ಬಾಣಲೆ ಬೇಕಾಗಿದೆ ಎಂಬ ನೆವ ಹೇಳಿ ಪೂರ್ತಿ ಪೆಟ್ಟಿಗೆಯನ್ನೇ ಕೆಳಗೆ ತಂದಳು. ಕೋಣೆಯಲ್ಲಿದ್ದಾಗ ಗುಡ್ಡಕ್ಕೆ ಹೋಗಬೇಕೆನ್ನಿಸುತ್ತಿತ್ತು, ಗುಡ್ಡದಲ್ಲಿದ್ದಾಗ ಕೋಣೆಯ ನೆನಪಾಗುತ್ತಿತ್ತು. ಅಲ್ಲಿ ಕೂತಳೆಂದರೆ ಎದ್ದಳು, ಎದ್ದಳೆಂದರೆ ಕಿಟಕಿಯ ಹತ್ತಿರ ಹೋದಳು.

"ನಿನ್ನ ಚಪ್ಪಲಿ ಒಳಗೆ ಇರುವೆ ಹೊಕ್ಕಿದೆಯೇನು?" ಎಂದು ಹಾರ್ಲನ್ ಕೇಳುತ್ತಿದ್ದ.

"ಹೂಂ, ಇಡೀ ಗೂಡೇ ಇದೆ" ಎನ್ನುತ್ತಿದ್ದಳು.

ಅಕ್ಟೋಬರಿನಲ್ಲಿ ಹಾರ್ಲನ್‌ನ ಎಡಗಣ್ಣಿನ ಪೊರೆ ತೆಗೆಸುವ ದಿನ ಬಂತು. ನದಿಯಾಚೆಯ ಊರಿನ ಆಸ್ಪತ್ರೆ. ಹೋಗುವಾಗ ಬ್ಯೂಕನ್ನು ಹಾರ್ಲನ್ ತಾನೇ ಓಡಿಸಿದ; ಬರುವಾಗ ಓಡಿಸಲೆಂದು ಓಪಲ್ ಜೊತೆ ಬಂದಿದ್ದ ಚರ್ಚಿನವರೊಬ್ಬರಿಗೆ ಅಲ್ಲೇ ಬೇರೆ ಕೆಲಸ ಬಿತ್ತು. ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿಕೊಂಡವನು ಸ್ಟೀರಿಂಗ್ ಹಿಡಿಯುವಂತಿಲ್ಲ. ಬಹಳ ಹೊತ್ತು ಯೋಚಿಸಿ ಹಾರ್ಲನ್ ಕೀಲಿಯನ್ನು ಓಪಲ್‌ಳ ಅಂಗೈಯಲ್ಲಿಟ್ಟ, ಮಗುವನ್ನು ಯಾರದೋ ಮಡಿಲಿಗೆ ಹಾಕುವವನ ಹಾಗೆ.

ದಾರಿಯುದ್ದಕ್ಕೂ ಅವನ ಬಾಯಿ ನಿಲ್ಲಲಿಲ್ಲ.

"ಸ್ವಲ್ಪ ಎಡಕ್ಕೆ. ಬ್ರೇಕು ಮೆತ್ತಗೊತ್ತು, ಅದು ಆರ್ಗನ್ ಪೆಡಲ್ ಅಲ್ಲ. ಆ ಲಾರಿ ಕಾಣಿಸ್ತಾ?"

"ನಿನಗೇ ಕಾಣಿಸ್ತಿದೆ ಅಂದ್ರೆ ನನಗೆ ಕಾಣಲ್ವ? ಎರಡು ಕಣ್ಣಿದೆ ನನಗೆ."

"ಎರಡಿದ್ದೂ ಹೀಗೆ ಓಡಿಸ್ತಿದ್ದೀಯ."

ಟಾಲ್ಬಟ್ ಪೇಟೆ ಹೊಕ್ಕು ಕಾಳು-ಮೇವಿನ ಅಂಗಡಿಯ ತಿರುವಿಗೆ ಬಂದಾಗ ಅವನು ಥಟ್ಟನೆ ಕೈ ಚಾಚಿ, "ಇಲ್ಲೇ, ಇಲ್ಲೇ ತಿರುಗಿಸು" ಎಂದ. ಅವಳು ಯಾವಾಗಲೂ ಮುಂದಿನ ತಿರುವಿನಲ್ಲಿ ಹೋಗುವವಳು. ಆದರೆ ಅವನ ಮಾತಿಗೆ ಕೈ ತಾನಾಗಿ ಬಲಕ್ಕೆ ತಿರುಗಿತು. ಪಕ್ಕದಲ್ಲೇ ಸೈಕಲ್ಲಿನಲ್ಲಿ ಬರುತ್ತಿದ್ದವನನ್ನು ಅವಳು ನೋಡಲೇ ಇಲ್ಲ. ಸದ್ದು ದೊಡ್ಡದೇನಾಗಲಿಲ್ಲ. ಮರದ ಕುರ್ಚಿ ಮಗುಚಿದ ಹಾಗೆ ಒಂದು ಸದ್ದು, ಅಷ್ಟೆ.

ಬಿದ್ದವನು ಎಮಿಟ್ ಲಸ್ಕ್, ಮನೆಗಳ ಮಾಡಿಗೆ ಹೊದಿಕೆ ಹಾಕುವ ಕೆಲಸದವನು. ಅವನ ಟ್ರಕ್ಕು ರಿಪೇರಿಗೆ ಹೋಗಿತ್ತು, ಅದಕ್ಕೆ ಸೈಕಲ್ಲು ಹತ್ತಿದ್ದ. ಓಪಲ್ ರಸ್ತೆಯ ಮೇಲೇ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವನ ಬಲಗಾಲು ಮೊಣಕಾಲಿನ ಕೆಳಗೆ ಇರಬಾರದ ದಿಕ್ಕಿಗೆ ತಿರುಗಿತ್ತು. "ಅಮ್ಮಾ, ನನ್ನ ಸೈಕಲ್ ಹೇಗಿದೆ?" ಎಂದು ಕೇಳಿ ಅವನು ಕಣ್ಣು ಮುಚ್ಚಿದ. ಹಾರ್ಲನ್ ಕಾರಿನಿಂದಿಳಿದು, ಒಂದು ಕಣ್ಣು ಮುಚ್ಚಿಕೊಂಡು, ಎರಡೂ ಕೈ ಇಳಿಬಿಟ್ಟುಕೊಂಡು ನಿಂತಿದ್ದ. ಅಂಗಡಿಯವರು ಆಂಬುಲೆನ್ಸ್ ಕರೆದರು.

ಪೊಲೀಸಿನವನು ಕೇಳಿದಾಗ ಹಾರ್ಲನ್ ಕಾರಿನ ಗೂಡಿನಿಂದ ವಿಮೆಯ ಚೀಟಿ ತೆಗೆದು ಕೊಟ್ಟ. ಅದರ ಅವಧಿ ಬೇಸಿಗೆಯಲ್ಲೇ ಮುಗಿದಿತ್ತು. ಹೊಸದು ಮನೆಯಲ್ಲಿದೆ ಎಂದು ಗಟ್ಟಿಯಾಗಿ ಹೇಳಿದ. ಮನೆಗೆ ಹೋಗಿ ನೋಡಿದರೆ ಹೊಸದೂ ಇಲ್ಲ, ಏನೂ ಇಲ್ಲ. ಕಣ್ಣು ಮಂಜಾದಾಗಿನಿಂದ ಅವನು ಟಪಾಲನ್ನು ಒಡೆದಿರಲಿಲ್ಲ. ಓದಲಾಗುವುದಿಲ್ಲವೆಂದು ಯಾರಿಗೂ, ಓಪಲ್‌ಗೂ, ಹೇಳಿರಲಿಲ್ಲ. ಎಲ್ಲವನ್ನೂ ಅಡುಗೆಮನೆಯ ಡ್ರಾಯರಿಗೆ ತುರುಕಿದ್ದ. ಹಣಕ್ಕೆ ಕೊರತೆ ಇರಲಿಲ್ಲ, ಕಟ್ಟಿರಲಿಲ್ಲ, ಅಷ್ಟೆ.

"ನನ್ನನ್ನ ಕೇಳಿದ್ರೆ ಓದಿ ಹೇಳ್ತಿರಲಿಲ್ವ?" ಎಂದಳು ಓಪಲ್.

"ದೋಣಿಗಳ ಹೆಸರನ್ನ ಮೈಲಿ ದೂರದಿಂದ ಓದ್ತಿದ್ದವನು ನಾನು. ನಿನ್ನ ಹತ್ರ ಕರೆಂಟು ಬಿಲ್ಲು ಓದಿಸ್ಲಾ?"

ಹೀಗೆ ಎಮಿಟ್‌ನ ಮುರಿದ ಕಾಲಿನ ಮಟ್ಟಿಗೆ ಈಗ ಊರಿನಲ್ಲಿ ಉಳಿದಿದ್ದ ವಿಮೆ ಒಂದೇ, ಜನ ನಗುತ್ತಿದ್ದ ಓಪಲ್‌ಳ ವಿಮೆ. ಅವಳು ಕಂಪನಿಗೆ ಫೋನು ಮಾಡಿ ವಿಷಯ ತಿಳಿಸಿದಳು. ಅಲ್ಲಿನ ಹೆಂಗಸು ಎಲ್ಲ ಬರೆದುಕೊಂಡು ಕೊನೆಗೆ ಕೇಳಿದಳು, "ಕಾರಿನ ಯಜಮಾನರೂ ನೀವೂ ಒಂದೇ ಮನೆಯಲ್ಲಿ ವಾಸವಾ ಮೇಡಂ?"

"ಯಾಕೆ?"

"ಒಂದೇ ಮನೆಯವರ ಕಾರಾದ್ರೆ, ಇಲ್ಲಾ ನಿಮಗೆ ದಿನಾ ಬಳಸೋಕೆ ಸಿಗೋ ಕಾರಾದ್ರೆ ಈ ಪಾಲಿಸಿ ಬರಲ್ಲ. ಅಂಥವರು ಆ ಕಾರಿನ ವಿಮೆಗೇ ತಮ್ಮ ಹೆಸರು ಸೇರಿಸಬೇಕು. ಪರವಾಗಿಲ್ಲ, ಈಗಲೇ ಹೇಳ್ಬೇಡಿ. ನಮ್ಮ ವಿಚಾರಣೆಯವರು ಫೋನ್ ಮಾಡ್ತಾರೆ, ಅವರಿಗೆ ಹೇಳಿ."

ಆ ಪ್ರಶ್ನೆ ಅವಳ ಹಿಂದೆಯೇ ಬಂತು. ಅಂಗಡಿಗೆ ಹೋದರೂ, ಆರ್ಗನ್ ಮುಂದೆ ಕೂತರೂ ಜೊತೆಗೇ ಇತ್ತು. ಬುಧವಾರದ ಅಭ್ಯಾಸದಲ್ಲಿ ಒಂದು ಹಾಡಿನ ಬದಲು ಇನ್ನೊಂದನ್ನು ನುಡಿಸಿ, ಹಾಡುವವರು ಬಾಯಿ ತೆರೆದು ನಿಂತಿದ್ದನ್ನು ನೋಡಿ ಕೈ ಎತ್ತಿದಳು. ಲಾಂಡ್ರಿಯ ಯಂತ್ರಗಳ ನಡುಕ ಕೋಣೆಯ ನೆಲಕ್ಕೆ ಬರುತ್ತಿತ್ತು. ಇಷ್ಟು ವರ್ಷ ಅದು ಅವಳಿಗೆ ಜೋಗುಳವಾಗಿತ್ತು, ಈಗ ಅದೂ ಏನನ್ನೋ ಕೇಳುತ್ತಿರುವಂತೆ ಅನ್ನಿಸತೊಡಗಿತು.

ಹಾರ್ಲನ್‌ಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ.

"ಲಾಂಡ್ರಿ ಮೇಲಿರ್ತೀನಿ ಅಂತ ಹೇಳು, ಮುಗೀತು. ಬಾಡಿಗೆ ಕಟ್ತೀಯ, ಟಪಾಲು ಅಲ್ಲಿಗೇ ಬರುತ್ತೆ. ಇಲ್ಲಿಗೆ ಯಾವಾಗ್ಲೋ ಊಟಕ್ಕೆ ಬರ್ತೀನಿ ಅನ್ನು."

"ಯಾವಾಗ್ಲೋ ಊಟಕ್ಕೆ?"

"ಸುಳ್ಳು ಅನ್ಕೋಬೇಡ. ಸ್ವಲ್ಪ ಸಣ್ಣದು ಮಾಡಿ ಹೇಳೋದು. ನಿನ್ನ ಆ ನಿಲುವಂಗಿ, ಚಪ್ಪಲಿ ಎಲ್ಲ ತಗೊಂಡ್ಹೋಗಿ ಕೋಣೇಲಿಡು. ಅವನ ಕಾಲಿಗೆ ದುಡ್ಡು ಬಂದ್ಮೇಲೆ ವಾಪಸ್ ತಂದ್ರಾಯ್ತು. ಹಬ್ಬಕ್ಕೆ ಅಲ್ದಿದ್ರೆ ಕ್ರಿಸ್‌ಮಸ್‌ಗೆ ಬಾ. ಏನು ಮುಳುಗಿಹೋಗುತ್ತೆ?"

ಅವಳು ನಿಲುವಂಗಿ ತೆಗೆಯಲಿಲ್ಲ. ಅದು ಬಚ್ಚಲಮನೆಯ ಬಾಗಿಲಿನ ಹಿಂದೆ, ಅವನ ಹೆಂಡತಿಯ ಕಾಲದ ಗೂಟದಲ್ಲಿ, ಹಾಗೇ ನೇತಾಡುತ್ತಿತ್ತು.

ಪೆಟ್ಟು ತಿಂದವರ ಜೊತೆ ನೇರ ಮಾತು ಬೇಡ ಎಂದು ಕಂಪನಿಯವರು ಹೇಳಿದ್ದರು. ಓಪಲ್ ಅದನ್ನು ಕೇಳಿಸಿಕೊಂಡಿದ್ದಳು, ಪಾಲಿಸಲಿಲ್ಲ. ಎಮಿಟ್ ಆಸ್ಪತ್ರೆಯಿಂದ ಬಂದ ವಾರ, ಒಂದು ಡಬ್ಬಿಯಲ್ಲಿ ಕೋಳಿ ಸಾರು, ಮೆಕ್ಕೆಜೋಳದ ಬ್ರೆಡ್ಡು ಹಿಡಿದು ನಡೆದುಕೊಂಡೇ ಅವನ ಮನೆಗೆ ಹೋದಳು. ಅಪಘಾತದ ದಿನದಿಂದ ಅವಳು ಯಾರ ಕೀಲಿಯನ್ನೂ ಮುಟ್ಟಿರಲಿಲ್ಲ.

ಬಾಗಿಲು ತೆಗೆದವಳು ಎಮಿಟ್‌ನ ಹೆಂಡತಿ ಡಾರ್ಲಾ. ಡಬ್ಬಿಯನ್ನು ನೋಡಿದಳು, ಓಪಲ್‌ಳ ಮುಖ ನೋಡಿದಳು, ಒಳಗೆ ಬಾ ಎನ್ನಲಿಲ್ಲ. ಒಳಗಿನಿಂದ ಎಮಿಟ್ ಕೂಗಿದ, "ಯಾರದು? ಆರ್ಗನ್ ಅಮ್ಮನಾ? ಒಳಗೆ ಬಿಡೇ, ಚಳಿ ನುಗ್ತಿದೆ."

ಅವನು ಸೋಫಾದ ಮೇಲೆ ಮಲಗಿದ್ದ. ಕಾಲಿಗೆ ಕಬ್ಬಿಣದ ಸರಳುಗಳು, ಸುತ್ತ ದಿಂಬುಗಳು.

"ಕೂತ್ಕೊಳ್ಳಿ ಅಮ್ಮ. ಇಷ್ಟು ವರ್ಷ ಮಾಡಿನ ಮೇಲೆ ಕೋತಿ ಥರ ಓಡಾಡಿದ್ದೀನಿ, ಒಂದು ಸಲಾನೂ ಜಾರಿಲ್ಲ. ನೆಲದ ಮೇಲೆ ಹೋಗ್ತಿದ್ದೆ ನೋಡಿ, ದೇವರ ಮನೆಯವರೇ ಬಂದು ಗುದ್ದಿದ್ರಿ."

ಓಪಲ್‌ಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. "ನನ್ನದೇ ತಪ್ಪು. ನಾನು ನೋಡ್ಲಿಲ್ಲ" ಎಂದಳು.

"ನೋಡಿದ್ರೆ ಗುದ್ತಿದ್ರಾ? ಬಿಡಿ."

ಡಾರ್ಲಾ ಬಿಡಲಿಲ್ಲ. "ಇವನು ಹೀಗೇ. ಬರೋ ವರ್ಷದ ಅರ್ಧದವರೆಗೆ ಏಣಿ ಹತ್ತಬಾರದು ಅಂದಿದ್ದಾರೆ ಡಾಕ್ಟರು. ಊರಲ್ಲಿ ಎಲ್ಲರೂ ಹೇಳ್ತಾರೆ, ನೀವೂ ಆ ಸ್ಟಾಂಪರ್ ಮುದುಕನೂ ಒಂದೇ ಮನೇಲಿ ಇರೋದು, ಅದಕ್ಕೆ ನಿಮ್ಮ ವಿಮೆ ಬರಲ್ಲ ಅಂತ. ಇರ್ತೀರೋ ಇಲ್ವೋ?"

"ಅದೇ ಯೋಚನೆ ಮಾಡ್ತಿದ್ದೀನಿ."

"ಅದ್ರಲ್ಲಿ ಯೋಚನೆ ಮಾಡೋದೇನಿದೆ? ಯಾರಾದ್ರೂ ನಿಮ್ಮನೆ ಯಾವುದು ಅಂದ್ರೆ ಯೋಚನೆ ಮಾಡ್ತಾರಾ?" ಡಾರ್ಲಾ ಜಾರಿದ ದಿಂಬೊಂದನ್ನು ಗಂಡನ ಕಾಲಿನ ಕೆಳಗೆ ಸರಿಸಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು, "ಏನು ಹೇಳಿದ್ರೆ ಇವನಿಗೆ ಸಹಾಯ ಆಗುತ್ತೋ ಅದನ್ನ ಹೇಳಿ. ನಾನೇನೂ ಕೇಳೋಕೆ ಬರಲ್ಲ."

ವಾಪಸು ನಡೆಯುವಾಗ ಓಪಲ್ ಪೇಟೆಬೀದಿಗೆ ತಿರುಗುವ ಕಡೆ ತಿರುಗಲಿಲ್ಲ. ಗುಡ್ಡದ ರಸ್ತೆ ಹಿಡಿದು ಅರ್ಧ ಹತ್ತಿದಳು, ನಿಂತಳು, ಮತ್ತೆ ಇಳಿದು ನದಿಯ ದಂಡೆಗೆ ಹೋದಳು. ಕಲ್ಲಿದ್ದಲು ತುಂಬಿದ ದೋಣಿಗಳ ಸಾಲೊಂದು ಕೆಳಗೆ ಸಾಗುತ್ತಿತ್ತು. ಅಪ್ಪ ಇಂಥ ದೋಣಿಗಳಲ್ಲಿ ಕೆಲಸ ಮಾಡಿ, ಕೆಲಸ ಇದ್ದ ಊರಿಗೆಲ್ಲ ಹೆಂಡತಿ ಮಕ್ಕಳನ್ನು ಎಳೆದುಕೊಂಡು ಹೋಗುತ್ತಿದ್ದ. ಶಾಲೆಯಲ್ಲಿ ನಿನ್ನ ಮನೆ ಎಲ್ಲಿ ಎಂದು ಕೇಳಿದರೆ ಓಪಲ್ ಸುಮ್ಮನೆ ನದಿಯ ಕಡೆ ಕೈ ತೋರಿಸುತ್ತಿದ್ದಳು. ಡಾರ್ಲಾ ಕೇಳಿದ್ದು ಸರಿಯಾಗಿತ್ತು. ಬೇರೆಯವರಿಗೆ ಇದು ಯೋಚಿಸುವ ಪ್ರಶ್ನೆಯೇ ಅಲ್ಲ.

ನವೆಂಬರಿನ ಮೊದಲ ವಾರ, ವಿಚಾರಣೆಯವಳು ಫೋನು ಮಾಡುತ್ತೇನೆಂದು ತಿಳಿಸಿದಳು. ಹೆಸರು ಮಿಸ್ ಯೋಡರ್. ಇಬ್ಬರ ಹೇಳಿಕೆಯೂ ಬೇಕು, ಒಟ್ಟಿಗೆ ಇದ್ದರೆ ಅನುಕೂಲ ಎಂದಿದ್ದಳು. ಹೀಗಾಗಿ ಗುಡ್ಡದ ಮನೆಯ ಅಡುಗೆಮನೆಯಲ್ಲಿ, ಮೇಜಿನ ನಡುವೆ ಫೋನನ್ನು ಇಬ್ಬರಿಗೂ ಕೇಳುವಂತೆ ಇಟ್ಟುಕೊಂಡು, ಓಪಲ್ ಮತ್ತು ಹಾರ್ಲನ್ ಎದುರುಬದುರು ಕೂತರು. ಹಾರ್ಲನ್ ಕಣ್ಣಿನ ಮುಚ್ಚಳ ತೆಗೆದಾಗಿತ್ತು. ಆ ಎಡಗಣ್ಣು ಈಗ ಎಷ್ಟು ಚುರುಕಾಗಿತ್ತೆಂದರೆ ಓಪಲ್‌ಗೆ ಅದರ ಮುಂದೆ ಕೂರಲು ಕಸಿವಿಸಿಯಾಗುತ್ತಿತ್ತು.

"ಮೇಡಂ, ನಮ್ಮ ಮಾತು ರೆಕಾರ್ಡ್ ಆಗ್ತಿದೆ. ಒಪ್ಪಿಗೆ ತಾನೆ?"

"ಒಪ್ಪಿಗೆ."

"ಆ ಕಾರನ್ನ ಮುಂಚೆ ಎಷ್ಟು ಸಲ ಓಡಿಸಿದ್ರಿ?"

"ಅವತ್ತೇ ಮೊದಲು. ಹಾರ್ಲನ್ ಅದನ್ನ ಯಾರಿಗೂ ಕೊಡಲ್ಲ."

"ಯಾರಿಗೂ ಕೊಡಲ್ಲ" ಎಂದ ಹಾರ್ಲನ್ ಫೋನಿನತ್ತ ಬಾಗಿ. "ನನ್ನ ಹೆಂಡತಿ ಇದ್ದಾಗ ಅವಳಿಗೂ ಕೊಟ್ಟಿಲ್ಲ."

"ಮಿಸ್ಟರ್ ಸ್ಟಾಂಪರ್, ನಿಮ್ಮ ಸರದಿ ಬರುತ್ತೆ, ಆಗ ಮಾತಾಡಿ. ಮೇಡಂ, ಅವರ ಮನೇಲಿ ವಾರಕ್ಕೆ ಎಷ್ಟು ರಾತ್ರಿ ಉಳೀತೀರಿ?"

ಹಾರ್ಲನ್ ಮೇಜಿನ ಮೇಲೆ ಒಂದು ಬೆರಳು ಎತ್ತಿ ತೋರಿಸಿದ.

"ಮೂರು. ಕೆಲವು ವಾರ ನಾಲ್ಕು."

ಹಾರ್ಲನ್ ಬೆರಳನ್ನು ಮಡಚಿ ಕಣ್ಣು ಮುಚ್ಚಿಕೊಂಡ.

"ನಿಮ್ಮ ಸಾಮಾನು ಅಲ್ಲೇನಾದ್ರೂ ಇದೆಯಾ?"

"ಒಂದು ನಿಲುವಂಗಿ, ಚಪ್ಪಲಿ, ಹಲ್ಲುಜ್ಜೋ ಬ್ರಷ್ಷು. ಒಂದೆರಡು ಸ್ವೆಟರು."

"ಅಪಘಾತಕ್ಕೆ ಮುಂಚೆ, ಹಬ್ಬದ ಹೊತ್ತಿಗೆ ನೀವು ಅಲ್ಲಿಗೇ ವಾಸಕ್ಕೆ ಹೋಗ್ತೀರಿ ಅಂತ ಮಾತಿತ್ತಂತೆ. ನಿಮ್ಮ ಚರ್ಚಿನವರನ್ನ ವಿಚಾರಿಸಿದ್ದೆ."

"ಮಾತಿತ್ತು. ಹಾರ್ಲನ್ ಎಲ್ಲರ ಮುಂದೆ ಹೇಳಿದ. ನಾನು ಇಲ್ಲ ಅನ್ನಲಿಲ್ಲ."

"ಅಂದ್ರೆ ಹೋಗೋರಿದ್ರಿ."

ಓಪಲ್ ತಲೆ ಎತ್ತಿದಳು. ಕಿಟಕಿಗೆ ಹಾರ್ಲನ್‌ನ ಹೆಂಡತಿ ಹೊಲಿದ ಪರದೆ, ಹಳದಿ ಕೋಳಿಮರಿಗಳ ಚಿತ್ರದ್ದು. ಗೋಡೆಯಲ್ಲಿ ಅವಳು ಸಾಲಾಗಿ ಜೋಡಿಸಿಟ್ಟ ಲೋಟಗಳು. ಅವನು ಯಾವುದನ್ನೂ ಕದಲಿಸಿರಲಿಲ್ಲ, ಕದಲಿಸು ಎಂದು ಓಪಲ್ ಕೇಳಿಯೂ ಇರಲಿಲ್ಲ. ಅವನು ಒಳ್ಳೆಯವನು. ಚಳಿಯ ಬೆಳಿಗ್ಗೆ ಅವಳಿಗಿಂತ ಮೊದಲೆದ್ದು ಒಲೆ ಹಚ್ಚುವವನು. ಒಂದು ಸಣ್ಣ ಮಾತು ಸಾಕಾಗಿತ್ತು, ಗೊತ್ತಿಲ್ಲ ಎಂದರೂ ನಡೆಯುತ್ತಿತ್ತು. ಆದರೆ ಎರಡು ತಿಂಗಳಿಂದ ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಅವಳು ಗುಡ್ಡ ಹತ್ತಿ ಇಳಿದಿದ್ದಳು.

"ಇಲ್ಲ. ಹೋಗ್ತಿರಲಿಲ್ಲ."

"ಸ್ವಲ್ಪ ಬಿಡಿಸಿ ಹೇಳ್ತೀರಾ?"

"ಈ ಮನೇಲಿ ಕಾಫಿಗೆ ಲೋಟ ತಗೋಬೇಕಾದ್ರೆ ಇವತ್ತಿಗೂ ನಾನು ಕೇಳಿ ತಗೋತೀನಿ. ಯಾರೂ ಕೇಳು ಅಂದಿಲ್ಲ. ನನ್ನ ಬಾಯಿಗೇ ಬರುತ್ತೆ. ಯಾವ ಕುರ್ಚಿ ಮೇಲೆ ಕೂರ್ಲಿ ಅಂತ ನೋಡ್ಕೊಂಡು ಕೂರ್ತೀನಿ. ಲಾಂಡ್ರಿ ಮೇಲಿನ ಕೋಣೇಲಿ ಒಂದೇ ಕುರ್ಚಿ ಇರೋದು. ಅಲ್ಲಿ ಕಣ್ಣು ಮುಚ್ಕೊಂಡು ಕೂತ್ಕೋತೀನಿ. ನನ್ನ ಮನೆ ಅದು. ಇಲ್ಲಿಗೆ ನಾನು ಬಂದು ಹೋಗೋದು."

ಆಚೆ ಕಡೆ ಬೆರಳಚ್ಚಿನ ಸದ್ದು ಕೇಳಿಸಿತು. ಆಮೇಲೆ ಮಿಸ್ ಯೋಡರ್ ಹಾರ್ಲನ್‌ನನ್ನು ಮಾತಾಡಿಸಿದಳು. ಓಪಲ್ ಹೇಳಿದ್ದು ನಿಜವೇ ಎಂದು ಕೇಳಿದಳು.

"ನಿಜ" ಎಂದ ಹಾರ್ಲನ್. "ನನಗೆ ಗೊತ್ತಿರಲಿಲ್ಲ, ಆದ್ರೆ ನಿಜ."

ಕೋಣೆ ನೋಡಲು ಒಂದು ದಿನ ಬರುತ್ತೇನೆ ಎಂದು ಹೇಳಿ ಮಿಸ್ ಯೋಡರ್ ಫೋನಿಟ್ಟಳು. ಹಾರ್ಲನ್ ಎದ್ದು ಒಲೆಯ ಮೇಲಿನ ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿದ. ಒಂದನ್ನು ಅವಳ ಮುಂದಿಟ್ಟ.

"ಚೆನ್ನಾಗಿ ಹೇಳಿದೆ. ನಾನೇ ಹೇಳ್ಕೊಟ್ಟಿದ್ರೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ."

"ಅವರಿಗೋಸ್ಕರ ಹೇಳಿದ್ದಲ್ಲ ಹಾರ್ಲನ್."

"ಗೊತ್ತಾಯ್ತು. ಕಣ್ಣಷ್ಟೇ ಮಂಜಾಗಿದ್ದು, ಕಿವಿ ಸರಿಯಾಗೇ ಇದೆ."

ಅವಳು ಕಾಫಿಯನ್ನು ಕುಡಿದು ಮುಗಿಸಿದಳು, ಅರ್ಧಕ್ಕೆ ಬಿಟ್ಟು ಹೋಗುವುದು ಸರಿ ಕಾಣಲಿಲ್ಲ. ಲೋಟ ತೊಳೆದಿಟ್ಟಳು. ಬಾಗಿಲ ಹತ್ತಿರ ಹೋದಾಗ ಅವನು ಕರೆದ.

"ನಿನ್ನ ನಿಲುವಂಗಿ?"

"ಇರ್ಲಿ ಅಂದ್ರೆ ಇರ್ಲಿ, ಬೇಡ ಅಂದ್ರೆ ತಗೊಂಡ್ಹೋಗ್ತೀನಿ."

ಅವನು ತೊಳೆದ ಲೋಟವನ್ನು ಒರೆಸಿ ಸಾಲಿನಲ್ಲಿಟ್ಟ. ಅವಳು ಅದನ್ನು ಅಲ್ಲೇ ಬಿಟ್ಟು ಇಳಿದಳು.

ಮಿಸ್ ಯೋಡರ್ ಒಂದು ಮಧ್ಯಾಹ್ನ ಬಂದಳು. ಓಪಲ್ ಅಂದುಕೊಂಡಷ್ಟು ದೊಡ್ಡವಳಲ್ಲ, ಮೂವತ್ತರ ಒಳಗಿನ ಹುಡುಗಿ, ತುಂಬು ಬಸುರಿ. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ಇದ್ದ ಒಂದೇ ಕುರ್ಚಿಯಲ್ಲಿ ಕೂತಳು. ಓಪಲ್ ಮಂಚದ ಅಂಚಿನಲ್ಲಿ ಕೂತಳು. ಕೋಣೆಯನ್ನು ಅವಳು ಒಪ್ಪ ಮಾಡಿರಲಿಲ್ಲ. ಕಿಟಕಿಯಲ್ಲಿ ಈರುಳ್ಳಿ ಮೊಳೆತಿತ್ತು, ಮಂಚದ ಕೆಳಗಿನ ಪೆಟ್ಟಿಗೆಗಳು ಕಾಣುತ್ತಿದ್ದವು, ಹಗ್ಗದ ಮೇಲೆ ಕಾಲುಚೀಲ ಒಣಗುತ್ತಿತ್ತು.

"ನೆಲ ನಡುಗ್ತಿದೆಯಲ್ಲ" ಎಂದಳು ಹುಡುಗಿ.

"ಕೆಳಗೆ ಯಂತ್ರ. ಸಂಜೆ ನಿಲ್ಲುತ್ತೆ. ನಿನಗೆ ತೊಂದರೆ ಆಗ್ತಿದೆಯಾ?"

"ಇಲ್ಲ. ಇವಳಿಗೆ ಇಷ್ಟ ಅನ್ಸುತ್ತೆ" ಎಂದು ಹೊಟ್ಟೆಯ ಮೇಲೆ ಕೈಯಿಟ್ಟಳು. "ಬೆಳಿಗ್ಗೆಯಿಂದ ಒದೀತಿದ್ದಳು, ಈಗ ಸುಮ್ಮನಾದಳು."

ನೋಡಿದ್ದನ್ನು ಬರೆದುಕೊಂಡು ಮೆಟ್ಟಿಲಿಳಿದಳು. ಡಿಸೆಂಬರಿನಲ್ಲಿ ಕಂಪನಿ ಒಪ್ಪಿಕೊಂಡಿತು. ಎಮಿಟ್‌ನ ಆಸ್ಪತ್ರೆಯ ಖರ್ಚಿನ ಬಹುಪಾಲು, ಕೆಲಸವಿಲ್ಲದ ತಿಂಗಳುಗಳ ಸಂಬಳದ ಒಂದು ಪಾಲು, ಪಾಲಿಸಿಯ ಮಿತಿ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ. ಉಳಿದದ್ದನ್ನು ಯಾರೂ ಕೇಳದೆಯೇ ಹಾರ್ಲನ್ ಕೊಟ್ಟ. ವಿಮೆಯಿಲ್ಲದ ಕಾರನ್ನು ರಸ್ತೆಗೆ ಇಳಿಸಿದ್ದಕ್ಕೆ ಸರ್ಕಾರ ಅವನ ಲೈಸೆನ್ಸನ್ನೂ ಕೆಲಕಾಲಕ್ಕೆ ಕಿತ್ತುಕೊಂಡಿತ್ತು. ಅವನು ಬ್ಯೂಕನ್ನು ಮಾರಿಬಿಟ್ಟನೆಂದು ಓಪಲ್‌ಗೆ ಚರ್ಚಿನಲ್ಲಿ ಯಾರೋ ಹೇಳಿದರು. ಅವನು ಚರ್ಚಿಗೆ ಬರುತ್ತಿರಲಿಲ್ಲ. ಹಬ್ಬ ಕಳೆಯಿತು, ಕ್ರಿಸ್‌ಮಸ್ ಕಳೆಯಿತು. ಕ್ರಿಸ್‌ಮಸ್‌ಗೆ ಡಾರ್ಲಾ ಬಂದು ಒಂದು ಡಬ್ಬಿ ಸಿಹಿ ತಿಂಡಿ ಕೊಟ್ಟು, ಒಳಗೆ ಬಾ ಎಂದರೂ ಬಾರದೆ, ಮೆಟ್ಟಿಲ ಮೇಲೇ ನಿಂತು ಓಪಲ್‌ಳ ಕೈಯನ್ನು ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟು ಹೋದಳು.

ಓಪಲ್ ಮತ್ತೆ ಕಾರು ಓಡಿಸತೊಡಗಿದಳು. ಬಲಕ್ಕೆ ತಿರುಗುವ ಪ್ರತಿ ಸಲವೂ ಒಂದು ಕ್ಷಣ ಪೂರ್ತಿ ನಿಲ್ಲುತ್ತಿದ್ದಳು, ಹಿಂದಿನವರು ಹಾರ್ನ್ ಬಾರಿಸಿದರೂ. ನನ್ನ ಮನೆ ಇದು ಎಂದು ಬಾಯಿಬಿಟ್ಟು ಹೇಳಿದ ಮೇಲೆ ನೆಮ್ಮದಿ ಬರುತ್ತದೆಂದು ಎಣಿಸಿದ್ದಳು. ಬರಲಿಲ್ಲ. ಯಂತ್ರ ನಿಂತ ಮೇಲೆ ಕೋಣೆಯಲ್ಲಿ ಅತ್ತಿತ್ತ ನಡೆಯುತ್ತಿದ್ದಳು. ಗುಡ್ಡದ ಮೇಲಿನ ದೀಪ ಕಿಟಕಿಯಿಂದ ಕಾಣುವುದಿಲ್ಲ ಎಂದು ಗೊತ್ತಿದ್ದೂ ನೋಡುತ್ತಿದ್ದಳು.

ಜನವರಿಯ ಒಂದು ದಿನ, ಸಂಜೆಗೆ ಮೊದಲು, ಹಿಮ ಬಿದ್ದು ನಿಂತಿದ್ದ ಹೊತ್ತಿನಲ್ಲಿ, ಮೆಟ್ಟಿಲ ಮೇಲೆ ನಿಧಾನವಾದ ಬೂಟುಗಳ ಸದ್ದಾಯಿತು. ಬಾಗಿಲು ತೆಗೆದರೆ ಹಾರ್ಲನ್. ಟೋಪಿಯ ಮೇಲೆ ಹಿಮ, ಮೂಗು ಕೆಂಪು. ಗುಡ್ಡದಿಂದ ನಡೆದೇ ಬಂದಿದ್ದ. ಈ ಮೂರು ವರ್ಷದಲ್ಲಿ ಅವನು ಆ ಮೆಟ್ಟಿಲನ್ನು ಒಮ್ಮೆಯೂ ಹತ್ತಿರಲಿಲ್ಲ. ಅಷ್ಟು ದೊಡ್ಡ ಮನೆ ಇರುವಾಗ ಬಾಡಿಗೆ ಕೋಣೆಗೆ ಯಾಕೆ ಬರಲಿ ಎನ್ನುತ್ತಿದ್ದ.

"ಒಳಗೆ ಬರಬಹುದಾ?"

"ಬಾ."

"ಎಲ್ಲಿ ಕೂತ್ಕೊಳ್ಳಲಿ?"

ಅವಳು ಕುರ್ಚಿ ತೋರಿಸಿದಳು. ಅವನು ಬೂಟು ಬಿಚ್ಚಿ ಬಾಗಿಲ ಹೊರಗಿಟ್ಟು ಬಂದು ಕೂತ. ಬಲಗಣ್ಣಿನ ಪೊರೆಯನ್ನೂ ತೆಗೆಸಿಯಾಗಿತ್ತು. ಎರಡು ಹೊಸ ಕಣ್ಣಿನಿಂದ ಕೋಣೆಯನ್ನೆಲ್ಲ ನೋಡಿದ, ಈರುಳ್ಳಿಯನ್ನು, ಹಗ್ಗವನ್ನು, ಮಂಚವನ್ನು, ಕೊನೆಗೆ ಅವಳನ್ನು.

"ನಿನ್ನ ಮುಖದಲ್ಲಿ ಇಷ್ಟೊಂದು ಗೆರೆ ಇದೆ ಅಂತ ಗೊತ್ತೇ ಇರಲಿಲ್ಲ."

"ಪೊರೆ ಇದ್ದಿದ್ರೆ ಚೆನ್ನಾಗಿತ್ತು."

ಅವನು ನಕ್ಕ. ಚಳಿ ಹಿಡಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ. ಆಮೇಲೆ ನೆಲ ನೋಡುತ್ತ ಹೇಳಿದ, "ಯಾವಾಗ ಬರ್ತೀಯ, ಯಾವಾಗ ಬರ್ತೀಯ ಅಂತಾನೇ ಕೇಳಿದೆ ನಿನ್ನ. ಬರ್ತೀಯಾ ಅಂತ ಒಂದು ಸಲಾನೂ ಕೇಳ್ಲಿಲ್ಲ. ಮನೇಲಿ ಒಬ್ಬನೇ ಕೂತಾಗ ಹೊಳೀತು."

"ಕೇಳಿದ್ರೂ ನಾನು ಸರಿಯಾಗಿ ಹೇಳ್ತಿದ್ದೆನೋ ಇಲ್ವೋ. ಆ ಹುಡುಗಿ ಕೇಳೋವರೆಗೆ ನನಗೂ ಗೊತ್ತಿರಲಿಲ್ಲ."

"ಈಗೇನೂ ಕೇಳೋಕೆ ಬಂದಿಲ್ಲ ನಾನು."

"ಮತ್ತೆ?"

"ಸುಮ್ಮನೆ ಬಂದೆ. ಜನ ಜನರ ಮನೆಗೆ ಹೋಗಲ್ವ?"

ಅವಳು ಒಲೆ ಹಚ್ಚಿದಳು. ಹಿಂದಿನ ದಿನದ ಬೀನ್ಸ್ ಇತ್ತು, ಬಿಸಿ ಮಾಡಿದಳು. ತಟ್ಟೆ ಎರಡಿದ್ದವು, ಚಮಚ ಒಂದೇ ಇತ್ತು; ಅವನಿಗೆ ಚಮಚ ಕೊಟ್ಟು ತಾನು ಬ್ರೆಡ್ಡಿನಲ್ಲಿ ಅದ್ದಿಕೊಂಡು ತಿಂದಳು. ಉಪ್ಪು ಕಡಿಮೆಯಾಗಿದೆ ಎಂದ. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ತೋರಿಸಿದಳು, ಎದ್ದು ಹಾಕಿಕೊಂಡ. ಹೊರಗೆ ಬೆಳಕು ಮುದುಡುತ್ತಿದ್ದಾಗ ಅವನು ಎದ್ದು ನಿಂತ.

"ಬುಧವಾರ ಬರಲಾ?"

"ಬುಧವಾರ ಚರ್ಚಿನಲ್ಲಿ ಅಭ್ಯಾಸ. ಗುರುವಾರ ಬಾ."

ಗುರುವಾರ ಬಂದ, ಮುಂದಿನ ಗುರುವಾರವೂ ಬಂದ. ಭಾನುವಾರಗಳಂದು ಕೆಲವೊಮ್ಮೆ ಅವಳು ಗುಡ್ಡಕ್ಕೆ ಹೋದಳು, ಕೆಲವೊಮ್ಮೆ ಹೋಗಲಿಲ್ಲ. ಏಪ್ರಿಲಿನಲ್ಲಿ ಎಮಿಟ್ ಕೋಲೂರಿಕೊಂಡು ಚರ್ಚಿಗೆ ಬಂದು ಆರ್ಗನ್ನಿಗೆ ಹತ್ತಿರದ ಬೆಂಚಿನಲ್ಲಿ ಕೂತ. ಅವನು ಮತ್ತೆ ಮಾಡು ಹತ್ತುವನೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ. ಅವನ ಪಕ್ಕದಲ್ಲಿ ಹಾರ್ಲನ್ ಕೂತಿದ್ದ. ಓಪಲ್ ಆ ದಿನ, ಆ ಬೆಂಚಿನ ಹತ್ತಿರ ಹೋಗುವ ಆತುರಕ್ಕೆ, ಕೊನೆಯ ಹಾಡನ್ನು ಸ್ವಲ್ಪ ಬೇಗಬೇಗ ನುಡಿಸಿಬಿಟ್ಟಳು.